ಬೀರಕ್ಕಿ

ಕಳೆದ ಮಾಗಿಯ ಒಂದು ಬೆಳಗ್ಗೆ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರನಿಗೆ ಐದು ಗರ್ಭಗುಡಿಗಳಲ್ಲಿಯೂ ಕೈಮುಗಿದು ಬಂದು, ಕೆರೆಯ ಏರಿಯ ಮೇಲೆ ಎಳಬಿಸಿಲಿಗೆ ಬೆನ್ನುಕೊಟ್ಟು ಕುಳಿತಿದ್ದಾಗ, ನನ್ನೊಡನೆ ಬಂದಿದ್ದ ತಂಗಿಯ ಮೊಮ್ಮಗನು ನನ್ನ ತೋಳನ್ನು ಜಗ್ಗಿ, “ಅಗೋ ತಾತ, ಬೀರಕ್ಕಿ!” ಎಂದು ಕೂಗಿದನು. ಹಕಾರವನ್ನು ಉಚ್ಚರಿಸುವ ಶ್ರಮವನ್ನು ನಮ್ಮ ಸೀಮೆಯ ನಾಲಗೆಯು ಬಹುಕಾಲದ ಹಿಂದೆಯೇ ಪರಿತ್ಯಜಿಸಿ, ಹಾಲನ್ನು ಆಲೆಂದೂ ಹಸುವನ್ನು ಅಸುವೆಂದೂ ಕರೆದು ಸುಖವಾಗಿರುವುದನ್ನು ಬಲ್ಲ ನಾನೂ ಸಹ ಆ ಕ್ಷಣದಲ್ಲಿ ಮೋಸಹೋದೆನು. ಮಂಡ್ಯದ ವಿ.ಸಿ. ಫಾರಂನವರು ಬಿಟ್ಟ ಯಾವುದೋ ಹೊಸ ಭತ್ತದ ತಳಿಯಿರಬೇಕೆಂದು ಭಾವಿಸಿ ಗದ್ದೆಯ ಕಡೆಗೆ ತಿರುಗಿದೆನೇ ಹೊರತು ತಲೆಯೆತ್ತಿ ನೋಡಲಿಲ್ಲ. ಹುಡುಗನು ನನ್ನ ಗದ್ದವನ್ನು ಹಿಡಿದು ಮೇಲಕ್ಕೆತ್ತಿದ ಮೇಲೆ ಕಂಡುದು ವಿದ್ಯುತ್ತಂತಿ. ಅದರ ಮೇಲೆ ಇಂದ್ರನೀಲದ ಬೆನ್ನು, ಕಾವಿಬಣ್ಣದ ಎದೆ, ಮೈಗಿಂತ ಮಹತ್ವಾಕಾಂಕ್ಷೆ ಹೆಚ್ಚೆನ್ನುವಂತಹ ಕೊಕ್ಕು.

ಮಿಂಚುಳ್ಳಿ! ಕನ್ನಡವು ಹಕ್ಕಿಗಳಿಗಿಟ್ಟ ಹೆಸರುಗಳಲ್ಲಿ ಇಷ್ಟು ಚೆಲುವಾದುವು ಬಹಳವಿಲ್ಲ. ಆದರೆ ಏಳು ವರ್ಷದ ಆ ಬಾಲಕನಿಗೆ ಆ ಹೆಸರು ತಿಳಿದಿರಲಿಲ್ಲ. ಶಾಲೆಗೆ ಹೋಗುವ ಹಾದಿಯ ಬ್ರಾಂದಿ ಅಂಗಡಿಯ ಫಲಕದಲ್ಲಿ ದಿನಕ್ಕೆರಡು ಸಾರಿ ಅದನ್ನು ಕಂಡಿದ್ದನಾದುದರಿಂದ, ಅದು ಬೀರಿನ ಹಕ್ಕಿ, ಬೀರಕ್ಕಿ. ಸಲೀಂ ಅಲಿಯವರ ಮಾತಿಗೆ ಮನ್ನಣೆಯಿತ್ತು ಮೈಸೂರಿನ ಸರ್ಕಾರವು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿದ ಮೇಲೆ ನಮ್ಮ ಜಿಲ್ಲೆಯ ಹಕ್ಕಿಗಳಿಗೆ ಲೋಕಖ್ಯಾತಿ ಬಂದಿತೆಂದು ನಾವು ಬೀಗುತ್ತಿದ್ದರೂ, ಮಿಂಚುಳ್ಳಿಗೆ ಮನೆಮನೆಯ ಪರಿಚಯವನ್ನು ಒದಗಿಸಿಕೊಟ್ಟುದು 1978ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಂಸ್ಥೆಯು ಪೇಟೆಗೆ ಬಿಟ್ಟ ಕಿಂಗ್‌ಫಿಷರ್ ಸೀಸೆ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಈ ಬಿಯರಿನ ವ್ಯಾಪಾರಕ್ಕೂ ನಮ್ಮ ಸೀಮೆಗೂ ಏನು ನಂಟು ಎಂದು ಕೇಳುವವರಿಗೆ ನನ್ನಲ್ಲಿ ಒಂದು ಉತ್ತರವುಂಟು, ಇತಿಹಾಸಜ್ಞರು ಮನ್ನಿಸಬೇಕು. 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರು ತಮ್ಮ ದಂಡನ್ನು ಅಲ್ಲಿಯೇ ಇರಿಸಿಕೊಂಡಿದ್ದರು. ಟಿಪ್ಪುವಿನ ತೋಪುಗಳು ಮಾಡಲಾರದುದನ್ನು ಕಾವೇರಿಯ ಎರಡು ಕವಲುಗಳ ನಡುವಣ ಸೊಳ್ಳೆಗಳು ಹತ್ತು ವರ್ಷಗಳಲ್ಲಿ ಮಾಡಿ ಮುಗಿಸಿದುವು. ಜ್ವರದಿಂದ ಕಂಗೆಟ್ಟ ದಂಡು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ತಂಪಿಗೆ ಹೊರಟುಹೋಯಿತು. ಹಲಸೂರಿನ ಬಳಿ ಕಂಟೋನ್ಮೆಂಟು ಹುಟ್ಟಿತು. ದಂಡು ಇದ್ದಲ್ಲಿ ದಾಹ, ದಾಹವಿದ್ದಲ್ಲಿ ಬ್ರೂವರಿ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಕ್ಯಾಸಲ್, ನೀಲಗಿರಿ ಮೊದಲಾದ ಐದು ಬ್ರೂವರಿಗಳನ್ನು 1915ರಲ್ಲಿ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಹೆಸರಿಟ್ಟನು. ಸೋಲ್ಜರುಗಳ ಬಿಯರು ಆಗ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಸಾಗುತ್ತಿತ್ತಂತೆ, ಆ ಎತ್ತುಗಳು ನಮ್ಮ ಹಳ್ಳಿಕಾರ್ ತಳಿಯವೇ ಆಗಿದ್ದಿರಬೇಕೆಂದೂ, ಹೇಮಗಿರಿಯ ದನದ ಜಾತ್ರೆಯಿಂದಲೇ ಹೋದುವೆಂದೂ ನಾನು ನಂಬಿದ್ದೇನೆ, ಪುರಾವೆಯನ್ನು ಕೇಳಬಾರದು. ಸೊಳ್ಳೆಯೂ ನಮ್ಮದು, ಎತ್ತೂ ನಮ್ಮದು. ಇನ್ನುಳಿದ ಅಲ್ಪಸ್ವಲ್ಪವನ್ನು ಬೆಂಗಳೂರಿನವರು ಮಾಡಿಕೊಂಡರು. 1947ರಲ್ಲಿ ವಿಠಲ ಮಲ್ಯರು ಆ ಸಂಸ್ಥೆಯ ಮೊತ್ತಮೊದಲ ಭಾರತೀಯ ನಿರ್ದೇಶಕರಾದರು. ಈಗ ಆ ಹಳೆಯ ಬ್ರೂವರಿಯ ನೆಲದ ಮೇಲೆ ಯುಬಿ ಸಿಟಿ ನಿಂತಿದೆ, ಗ್ರಾಂಟ್ ರಸ್ತೆಯು ವಿಠಲ ಮಲ್ಯ ರಸ್ತೆಯಾಗಿದೆ. ಅಲ್ಲಿ ಅಡ್ಡಾಡುವವರಾರಿಗೂ ಸೊಳ್ಳೆಯ ಸ್ಮರಣೆಯಿಲ್ಲ.

ಆದರೆ ಬೀರಕ್ಕಿ ಎಂಬ ಮಾತು ನನ್ನನ್ನು ಎಳೆದುಕೊಂಡು ಹೋದುದು ಬೆಂಗಳೂರಿಗಲ್ಲ, ನನ್ನ ಸೋದರಮಾವನ ಬಳಿಗೆ. ಮಾವನು ಬೋರ್ಡು ಬರೆಯುವವನು. ಟೂರಿಂಗ್ ಟಾಕೀಸಿನ ಪರದೆಯ ಹಿಂದೆ ಬಣ್ಣ ಕಲಸುವ ಹುಡುಗನಾಗಿ ಸೇರಿ, ನಾಯಕನ ಮೀಸೆಯನ್ನು ತಿದ್ದುವ ಅಧಿಕಾರದವರೆಗೂ ಏರಿ, ಆ ಟೆಂಟು ಊರು ಬಿಟ್ಟಾಗ ಅದರೊಡನೆ ಹೋಗದೆ ನಿಂತವನು. ಮದುವೆಯ ಮನೆಯ ಗೋಡೆಗೆ ಆನೆ, ಲಾರಿಯ ಹಿಂಭಾಗಕ್ಕೆ ಹಸುಕರು, ಸೊಸೈಟಿಯ ಬಾಗಿಲಿಗೆ ಅಕ್ಷರ: ಯಾವುದನ್ನು ಒಪ್ಪಿಕೊಂಡರೂ ಅದಕ್ಕೆ ತನ್ನದೊಂದು ಸ್ವಂತ ಸೇರ್ಪಡೆಯಿಲ್ಲದೆ ಅವನ ಕುಂಚವು ಗೋಡೆಯನ್ನು ಬಿಡುತ್ತಿರಲಿಲ್ಲ. ಕೆಳಗೆ ಮೂಲೆಯಲ್ಲಿ ಒಂದು ಸಹಿ. ಅದೂ ತನ್ನ ಹೆಸರಲ್ಲ, ‘ಗೋವಿಂದನಹಳ್ಳಿ’ ಎಂದು ಊರಿನ ಹೆಸರು.

ಆತನ ಜೀವಮಾನದ ಮೊದಲ ಸರ್ಕಾರಿ ಕೆಲಸವೆಂದರೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಎಪ್ಪತ್ತರ ದಶಕವನ್ನು ಬಲ್ಲವರಿಗೆ ಆ ತಲೆಕೆಳಗಾದ ತ್ರಿಕೋನವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಘೋಷಣೆಯೊಡನೆ ಅದು ಮೂಡದ ಗೋಡೆಯೇ ಇರಲಿಲ್ಲ. ಮಾದರಿಯ ಕಾಗದವನ್ನು ಕೊಟ್ಟು ಹೋಗಿದ್ದರು. ಆ ಕಾಗದವನ್ನು ಮಾವನು ತಿರುವುಮುರುವಾಗಿ ಹಿಡಿದನೋ, ಅಥವಾ ಬುಡವು ಮೇಲಾಗಿ ತುದಿ ಕೆಳಗಾದ ಆಕೃತಿಯು ನಿಲ್ಲಲಾರದೆಂಬ ಶಿಲ್ಪಶಾಸ್ತ್ರೀಯ ಕಾರಣದಿಂದ ತಾನೇ ತಿದ್ದಿದನೋ ಹೇಳಲಾರೆ. ಅಂತೂ ಗೋಡೆಯ ಮೇಲೆ ಮೂಡಿದ ತ್ರಿಕೋನವು ಗೋಪುರದಂತೆ ತುದಿ ಮೇಲಾಗಿ ನೆಟ್ಟಗೆ ನಿಂತಿತ್ತು. ಮೂರು ದಿನಗಳ ಮೇಲೆ ಬಂದ ಅಧಿಕಾರಿಯೊಬ್ಬರು ಅದನ್ನು ಕಂಡು ಕೆರಳಿದರು. “ಏನಯ್ಯಾ ಇದು, ಇದರರ್ಥ ಇನ್ನೂ ಹೆರಿ ಅಂತಲೇನು?” ಎಂದರಂತೆ. ಮಾವನು ಸುಣ್ಣ ಬಳಿದು ಮತ್ತೆ ಬರೆದನು. ಕೂಲಿಯಲ್ಲಿ ಸುಣ್ಣದ ಖರ್ಚನ್ನು ಹಿಡಿದುಕೊಂಡರು.

ಅವನ ಆ ಮೂರು ದಿನಗಳ ತ್ರಿಕೋನವನ್ನು ನಾನು ಮರೆತೇಬಿಟ್ಟಿದ್ದೆನು. ಹಲವು ವರ್ಷಗಳ ಮೇಲೆ ಮೈಸೂರಿನಲ್ಲಿ ಓದುತ್ತಿದ್ದಾಗ, ಪರೀಕ್ಷೆಗೆ ಓದಬೇಕಾದುದನ್ನು ಓದದಿರುವ ಸಲುವಾಗಿಯೇ ಗ್ರಂಥಾಲಯದಲ್ಲಿ ತೆರೆದ ಒಂದು ಚಿತ್ರಸಂಪುಟದಲ್ಲಿ ಅದು ಥಟ್ಟನೆ ಪ್ರತ್ಯಕ್ಷವಾಯಿತು. ಎದುವಾರ್ ಮಾನೆ ಎಂಬ ಫ್ರೆಂಚ್ ಚಿತ್ರಕಾರನು 1882ರಲ್ಲಿ, ತನ್ನ ಮರಣಕ್ಕೆ ಒಂದು ವರ್ಷ ಮುಂಚೆ, ಪ್ಯಾರಿಸಿನ ಫೋಲೀ ಬೆರ್ಜೇರ್ ಎಂಬ ರಂಜನಶಾಲೆಯ ಪಾನಕಟ್ಟೆಯನ್ನು ಬರೆದಿದ್ದಾನೆ. ಅಮೃತಶಿಲೆಯ ಕಟ್ಟೆಗೆ ಎರಡೂ ಕೈಯೂರಿ ನಿಂತ ಆ ಹುಡುಗಿಯ ಮುಖದ ದುಃಖವನ್ನು ಕುರಿತು ಲೋಕದ ರಸಿಕರೆಲ್ಲ ಬರೆದಿರುವರು. ಆಕೆಯ ಬೆನ್ನ ಹಿಂದಣ ಕನ್ನಡಿಯಲ್ಲಿ ಬಿಂಬವು ಹಾಗೇಕೆ ಓರೆಯಾಗಿ ಬಿದ್ದಿತೆಂದು ಪಂಡಿತರು ಕಾದಾಡಿರುವರು. ನಾನಾದರೋ ಹುಡುಗಿಯನ್ನೂ ನೋಡಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ಕಟ್ಟೆಯ ಎರಡು ಕೊನೆಗಳಲ್ಲಿ ಇಟ್ಟ ಕಂದುಸೀಸೆಗಳ ಮೇಲೆ, ತುದಿ ಮೇಲಾಗಿ, ನೆಟ್ಟಗೆ, ಕೆಂಪಗೆ, ನನ್ನ ಮಾವನ ತ್ರಿಕೋನ!

ಅದು ಬಾಸ್ ಎಂಬ ಬಿಯರಿನ ಗುರುತು. ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ 1777ರಲ್ಲಿ ವಿಲಿಯಂ ಬಾಸನು ತೆರೆದ ಆ ಬ್ರೂವರಿಯು ನಮ್ಮ ದೇಶದ ದಂಡುಗಳಿಗೂ ತನ್ನ ತಿಳಿಬಣ್ಣದ ಬಿಯರನ್ನು ಹಡಗುಗಳಲ್ಲಿ ತುಂಬಿ ಕಳುಹಿಸಿ ಸಿರಿವಂತವಾಯಿತು. ಇಂಗ್ಲೆಂಡಿನಲ್ಲಿ ವ್ಯಾಪಾರದ ಗುರುತುಗಳನ್ನು ನೋಂದಾಯಿಸುವ ಕಾನೂನು ಬಂದು, 1876ರ ಜನವರಿ 1ರಂದು ಕಚೇರಿಯ ಬಾಗಿಲು ತೆರೆಯುವುದೆಂದಾಗ, ಬಾಸ್ ಕಂಪನಿಯ ಗುಮಾಸ್ತನೊಬ್ಬನು ಹಿಂದಿನ ಸಂಜೆಯಿಂದಲೇ ಆ ಬಾಗಿಲಿನ ಮುಂದೆ ಕುಳಿತು ರಾತ್ರಿಯನ್ನು ಕಳೆದನೆಂದು ಐತಿಹ್ಯ. ಐತಿಹ್ಯವು ನಿಜವೋ ಸುಳ್ಳೋ, ಆ ದೇಶದ ನೋಂದಣಿ ಪುಸ್ತಕದಲ್ಲಿ ಮೊದಲನೆಯ ಸಂಖ್ಯೆಯ ಗುರುತೆಂದರೆ ಬಾಸಿನ ಕೆಂಪು ತ್ರಿಕೋನವೇ. ಆ ಗುಮಾಸ್ತನ ವಿಷಯದಲ್ಲಿ ನನಗೆ ಅಪಾರವಾದ ಅನುಕಂಪ. ಡಿಸೆಂಬರಿನ ಕಡೆಯ ರಾತ್ರಿ; ಲಂಡನ್ನಿನ ಚಳಿ; ಊರೆಲ್ಲ ಹೊಸ ವರ್ಷದ ಸಂಭ್ರಮದಲ್ಲಿ ಅವನ ಧಣಿಯ ಬಿಯರನ್ನೇ ಹೀರುತ್ತಿರಲು, ಅವನೊಬ್ಬನು ಮಾತ್ರ ಕಲ್ಲುಮೆಟ್ಟಿಲಿನ ಮೇಲೆ ತೊಡೆಯ ಸಂದಿಗೆ ಕೈಯಿಟ್ಟು ಕುಳಿತು, ಒಂದು ತ್ರಿಕೋನವನ್ನು ಕಾಯುತ್ತಿರುವುದು. ಕಬ್ಬಿನ ಗಾಡಿಯನ್ನು ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ನಿಲ್ಲಿಸಿ, ಎತ್ತಿನ ಕೊರಳ ಬಿಚ್ಚಿ, ಕಂಬಳಿಯನ್ನು ತಲೆಯ ಮೇಲೆ ಹೊದ್ದು, ಬೆಳಗಿನ ತೂಕಕ್ಕಾಗಿ ರಾತ್ರಿಯಿಡೀ ಗರಿ ಉರಿಸಿ ಕಾಯುವ ನಮ್ಮವರು ಯಾರೇ ಆದರೂ ಅವನ ಪಕ್ಕದಲ್ಲಿ ಸರಿದು ಕುಳಿತು, ಒಂದು ಬೀಡಿಯನ್ನು ಕೊಟ್ಟು, “ಎಷ್ಟನೇ ನಂಬರಣ್ಣ ನಿಂದು?” ಎಂದು ಕೇಳುತ್ತಿದ್ದರು. ಒಂದನೇ ನಂಬರೆಂದು ಅವನು ಹೇಳಿದ್ದರೆ ನಂಬುತ್ತಿರಲಿಲ್ಲ. ನಮ್ಮಲ್ಲಿ ಒಂದನೇ ನಂಬರು ಸಾಲಿನಲ್ಲಿ ನಿಂತವರಿಗೆ ದೊರೆತುದನ್ನು ಕಂಡವರಿಲ್ಲ.

ಅಂತೂ ನನ್ನ ಮಾವನು, ಇಂಗ್ಲೆಂಡಿನ ಮೊದಲನೆಯ ನೋಂದಾಯಿತ ಗುರುತನ್ನು, ನೂರು ವರ್ಷಗಳ ತರುವಾಯ, ಯಾರ ಅಪ್ಪಣೆಯನ್ನೂ ಪಡೆಯದೆ, ಭಾರತ ಸರ್ಕಾರದ ವೆಚ್ಚದಲ್ಲಿ, ಮೂರು ದಿನಗಳ ಪರ್ಯಂತ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಪ್ರದರ್ಶಿಸಿದನು. ರಜೆಗೆ ಬಂದಾಗ ಈ ಸಂಗತಿಯನ್ನು ಅವನಿಗೆ ಹೇಳಿದೆನು. ಮಾನೆಯ ವಿಷಯವನ್ನೂ ಹೇಳಿದೆನು: ಆ ಚಿತ್ರದ ಎಡತುದಿಯ ಸೀಸೆಯೊಂದರ ಚೀಟಿಯ ಮೇಲೆ, ಕಂಪನಿಯ ಹೆಸರು ಇರಬೇಕಾದ ತಾವಿನಲ್ಲಿ, ಚಿತ್ರಕಾರನು ತನ್ನ ಹೆಸರನ್ನೂ ವರ್ಷವನ್ನೂ ಬರೆದುಕೊಂಡಿದ್ದಾನೆಂದು. ತ್ರಿಕೋನಕ್ಕೆ ಮಾವನು ನಗಲೂ ಇಲ್ಲ. ಸಹಿಯ ಮಾತಿಗೆ ಮಾತ್ರ ಬೀಡಿಯನ್ನು ಕೆಳಗಿಟ್ಟು, “ಸೀಸೆ ಮ್ಯಾಲೆಯಾ?” ಎಂದು ಎರಡು ಸಾರಿ ಕೇಳಿದನು. ಸಹಿಯ ವಿಷಯದಲ್ಲಿ ನಮ್ಮ ಊರಿನವರಿಗೆ ಪರಂಪರೆಯೇ ಉಂಟಷ್ಟೆ. ಹದಿಮೂರನೆಯ ಶತಮಾನದಲ್ಲಿ, ವೀರಸೋಮೇಶ್ವರನ ಕಾಲದಲ್ಲಿ, ಇಲ್ಲಿಯ ದೇವಾಲಯದಲ್ಲಿ ಕೆಲಸಮಾಡಿದ ರೂವಾರಿ ಮಲ್ಲಿತಮ್ಮನು ಮುಂದೆ ಸೋಮನಾಥಪುರದಲ್ಲಿ ವಿಗ್ರಹದ ಮೇಲೆ ವಿಗ್ರಹಕ್ಕೆ ತನ್ನ ಹೆಸರನ್ನು ಕೊರೆದವನು. ದೇವರ ಪಾದದ ಕೆಳಗೆ ಹೆಸರು ಕೊರೆಯುವುದು ಭಕ್ತಿಯೋ ಅಹಂಕಾರವೋ ಎಂದು ಕೇಳಿದರೆ, ಕೂಲಿಯ ಲೆಕ್ಕಕ್ಕೆ ಅನುಕೂಲವೆಂದು ನನ್ನ ಮಾವನು ಹೇಳುತ್ತಿದ್ದನು.

ಇನ್ನು ಹಕ್ಕಿಯ ಕಥೆ. ಎಂಬತ್ತರ ದಶಕದಲ್ಲಿ ಪೇಟೆಯ ಹಾದಿಯಲ್ಲಿ ಬ್ರಾಂದಿ ಅಂಗಡಿಯನ್ನು ತೆರೆದವರು, ಗೋಡೆಯ ಮೇಲೆ ಆಳೆತ್ತರದ ಮಿಂಚುಳ್ಳಿಯನ್ನು ಬರೆಯಬೇಕೆಂದು ಮಾವನಿಗೆ ಒಂದು ಖಾಲಿ ಸೀಸೆಯನ್ನು ಮಾದರಿಗೆ ಕೊಟ್ಟರು. ತುಂಬಿದುದನ್ನು ಕೊಟ್ಟಿದ್ದರೆ ಮಾದರಿಯು ಇನ್ನೂ ಸ್ಪಷ್ಟವಾಗುತ್ತಿತ್ತೆಂದು ಅವನು ಕೇಳಿನೋಡಿದನಂತೆ. ಎರಡು ದಿನ ಏರಿಯ ಮೇಲೆ ಕುಳಿತು ನಿಜವಾದ ಹಕ್ಕಿಯನ್ನು ಪರಿಶೀಲಿಸಿದನು. ಮೂರನೆಯ ದಿನ ಗೋಡೆ ಹತ್ತಿದನು. ನೀಲಿಯು ಅದ್ಭುತವಾಗಿ ಬಂದಿತು. ಆದರೆ ಸೀಸೆಯ ಹಕ್ಕಿಯ ಕೊಕ್ಕು ಬರಿದಾಗಿದ್ದುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಮಿಂಚುಳ್ಳಿಯೆಂದ ಮೇಲೆ ಮೀನಿಲ್ಲದೆ ಉಂಟೆ? ಕೊಕ್ಕಿನಲ್ಲಿ ಅಡ್ಡಲಾಗಿ ಒಂದು ಸಸಲು ಮೀನನ್ನಿಟ್ಟು, ಅದರ ಬಾಲದಿಂದ ಮೂರು ಹನಿ ನೀರನ್ನು ತೊಟ್ಟಿಕ್ಕಿಸಿ, ಕೆಳಗೆ ‘ಗೋವಿಂದನಹಳ್ಳಿ’ ಎಂದು ಸಹಿಮಾಡಿ ಇಳಿದನು.

ಜಾಹೀರಾತಿನ ಶಕ್ತಿಯನ್ನು ನಾನು ಕಣ್ಣಾರೆ ಕಂಡುದು ಅದೊಂದೇ ಸಾರಿ. ಸಂಜೆಯ ಬಸ್ಸಿನಿಂದ ಇಳಿದವರು ಗೋಡೆಯನ್ನು ನೋಡಿ ನೇರವಾಗಿ ಒಳಹೊಕ್ಕು, “ಎರಡು ಪ್ಲೇಟು ಮೀನು” ಎಂದು ಕೇಳತೊಡಗಿದರು. ಮೀನಿಲ್ಲವೆಂದರೆ, ಗೋಡೆಯ ಮೇಲೆ ಬರೆಸಿರುವುದೇತಕ್ಕೆಂದು ಜಗಳವಾಡಿದರು. ವಾರ ಕಳೆಯುವುದರೊಳಗೆ ಪಕ್ಕದಲ್ಲಿ ಒಬ್ಬ ಹೆಂಗಸು ಒಲೆ ಹೂಡಿ ಮೀನು ಕರಿದು ಮಾರಲು ಕುಳಿತಳು. ಆಕೆಯ ಬಾಣಲೆಯ ಮುಂದಿದ್ದ ಜನಸಂದಣಿಯು ಸೀಸೆಯ ಮುಂದಿರಲಿಲ್ಲ.

ಊರಿನ ಹಿರಿಯರ ಆಕ್ಷೇಪಣೆಯು ಬೇರೊಂದು ಬಗೆಯದು. ಈಚಲ ಹೆಂಡವನ್ನು ಅವರು ಕಂಡವರೇ, ಜಿ.ಪಿ. ರಾಜರತ್ನಂ ಅವರ ರತ್ನನನ್ನು ನೆಂಟನೆಂದೇ ಎಣಿಸಿದವರೇ. ಆದರೆ ಬ್ರಾಂದಿ ಅಂಗಡಿಯ ಗೋಡೆಯ ಮೇಲೆ ಊರ ಹೆಸರು! ಹೊಸ ಬೀಗರು ಬಸ್ಸಿಳಿದು ಇದೇ ಗೋವಿಂದನಹಳ್ಳಿಯೆಂದು ಅಲ್ಲಿಯೇ ಕುಳಿತುಬಿಟ್ಟರೆ? ಪಂಚಾಯಿತಿ ಸೇರಿತು. ಅಜ್ಜಿಯು ಮಾತ್ರ ಎಲೆಯಡಿಕೆ ಕುಟ್ಟುತ್ತ, “ಈಸ್ವರನ್ ಗುಡೀಲಿ ಕಲ್ಲುಕುಟ್ಗ ಎಸ್ರಾಕ್ಕಂಡವ್ನೆ, ಅವನ್ನ ಕೇಳ್ದೋರ್ ಯಾರ್ಲಾ?” ಎಂದಳು. ಆಕೆಯ ತರ್ಕಕ್ಕೆ ಯಾರೂ ಉತ್ತರ ಹೇಳಲಿಲ್ಲವಾದರೂ ತೀರ್ಪು ತೀರ್ಪೇ ಆಯಿತು. ಅಂಗಡಿಯವರು ಮೀನನ್ನು ಅಳಿಸಿರೆಂದರು, ಊರವರು ಹೆಸರನ್ನು ಅಳಿಸೆಂದರು. ಮಾವನು ಏಣಿಯನ್ನು ಹೊತ್ತು ಹೋಗಿ ಎರಡನ್ನೂ ಅಳಿಸಿ ಬಂದನು. ಈ ಸಾರಿ ಸುಣ್ಣವನ್ನು ತಾನೇ ಮನೆಯಿಂದ ಒಯ್ದಿದ್ದನು.

ಆ ಗೋಡೆ ಈಗಿಲ್ಲ. ರಸ್ತೆ ಅಗಲವಾದಾಗ ಹೋಯಿತು. ಮಾವನೂ ಇಲ್ಲ. ಕುಂಚದ ತಾವಿನಲ್ಲಿ ಫ್ಲೆಕ್ಸ್ ಬಂದಿದೆ. ಟಿವಿಯಲ್ಲಿ ಮದ್ಯದ ಜಾಹೀರಾತು ಕೂಡದೆಂಬ ನಿಯಮವಾದ ಮೇಲೆ ಅದೇ ಹಕ್ಕಿಯು ನೀರಿನ ಸೀಸೆಯ ಮೇಲೆ, ಸೋಡಾದ ಮೇಲೆ ಕುಳಿತು ಸಭ್ಯವಾಗಿ ಕಾಣಿಸಿಕೊಳ್ಳುವುದನ್ನು ಕಲಿತಿದೆ. ಮಿಂಚುಳ್ಳಿಗೂ ನೀರಿಗೂ ಇರುವ ಪುರಾತನ ಸಂಬಂಧವನ್ನು ನೆನೆದರೆ ಅದನ್ನು ಪೂರಾ ಕಪಟವೆನ್ನಲೂ ಬಾರದು.

ಏರಿಯ ಮೇಲೆ ಹುಡುಗನಿಗೆ ಹೇಳಿದೆನು: “ಅದರ ಹೆಸರು ಬೀರಕ್ಕಿಯಲ್ಲ ಕಣೋ, ಮಿಂಚುಳ್ಳಿ. ಸುಮ್ಮನೆ ನೋಡುತ್ತಿರು, ಈಗ ನೀರಿಗೆ ಧುಮುಕಿ ಮೀನು ಹಿಡಿದುಕೊಂಡು ಬರುತ್ತದೆ.” ಅವನು ಉಸಿರು ಬಿಗಿಹಿಡಿದು ಕುಳಿತನು, ಅರವತ್ತು ದಾಟಿದ ನಾನೂ ಹಾಗೆಯೇ ಕುಳಿತೆನು. ಹಕ್ಕಿಯು ಒಮ್ಮೆ ತಲೆ ಕೊಂಕಿಸಿ, ನೀಲಿಯ ಒಂದು ಗೀಟನ್ನೆಳೆದಂತೆ ಕೆರೆಗೆ ಬಿದ್ದು, ಮತ್ತೆ ಮೇಲಕ್ಕೆ ಬಂದು ಅದೇ ತಂತಿಯ ಮೇಲೆ ಕುಳಿತು ಮೈ ಕೊಡವಿತು. ಕೊಕ್ಕಿನಲ್ಲಿ ಏನೂ ಇರಲಿಲ್ಲ.

“ನಾ ಏಳ್ಲಿಲ್ವಾ ತಾತ,” ಎಂದನು ಹುಡುಗ, “ಅದೇ ಅಕ್ಕಿ.”