ಸೆಕೆಂಡ್ ಹ್ಯಾಂಡ್ ಬಾಯ್ಲರ್

ಹೆಗ್ಗಡದೇವನಕೋಟೆಯ ಚಳಿಗೆ ಮನೆ ಕಾಯಿಸಬೇಕಾಗಿಲ್ಲ, ನೀರು ಕಾಯಿಸಿದರೆ ಸಾಕು. ಧನುರ್ಮಾಸದ ಬೆಳಗಿನ ಜಾವ ಕಬಿನಿ ಹಿನ್ನೀರಿನ ಕಡೆಯಿಂದ ಮಂಜು ಕವಿದುಕೊಂಡು ಬಂದರೂ ಕಂಬಳಿ ಹೊದ್ದು, ಕಿವಿಗೆ ಮಫ್ಲರ್ ಸುತ್ತಿ, ಒಂದು ಲೋಟ ಕಾಫಿ ಕುಡಿದರೆ ಚಳಿಯ ಲೆಕ್ಕ ಚುಕ್ತಾ. ಪೋಲೆಂಡಿನಂಥ ದೇಶದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಬಾಯ್ಲರ್ ಒಂದು ಕೂತಿರುತ್ತದೆ. ಅದರಲ್ಲಿ ಕಾದ ನೀರು ಕೊಳವೆ ಹಿಡಿದು ಕೋಣೆ ಕೋಣೆಗೂ ಹೋಗಿ, ಗೋಡೆ ಬದಿಯ ಕಬ್ಬಿಣದ ರೇಡಿಯೇಟರುಗಳನ್ನು ಬಿಸಿ ಮಾಡಿ, ತಾನು ತಣ್ಣಗಾಗಿ ವಾಪಸು ಬರುತ್ತದೆ. ನೆಂಟರ ಹುಡುಗನೊಬ್ಬ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟೊಂದು ನೀರು ಕಾಯಿಸ್ತಾರಲ್ಲ, ಸ್ನಾನ ದಿನಾ ಮಾಡ್ತಾರೇನಪ್ಪ?”

ಅತ್ತೆಯ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಸೀಮೆಯಲ್ಲಿ ಬಾಯ್ಲರ್ ಅಂದರೆ ಬಚ್ಚಲುಮನೆಯ ತಾಮ್ರದ ಬಾಯ್ಲರ್, ಅದರ ಕೆಲಸ ಸ್ನಾನದ ನೀರು ಕಾಯಿಸುವುದು. ಅದಕ್ಕೂ ಹಿರಿಯದು ಹಂಡೆ. ಇವೆರಡರ ಗುಣ ತಿಳಿಯದೆ ಹಳೇ ಬಾಯ್ಲರ್ ಕೊಳ್ಳಲು ಗುಜರಿ ಅಂಗಡಿಗೆ ಕಾಲಿಡಬಾರದು.

ಹಂಡೆ ಸ್ಥಿರಾಸ್ತಿ. ಬಚ್ಚಲ ಮೂಲೆಯ ಒಲೆಯ ಮೇಲೆ ಗಾರೆ ಹಾಕಿ ಕೂರಿಸಿಬಿಟ್ಟರೆ ಮನೆ ಪಾಲಾದರೂ ಅದು ಅಲ್ಲಾಡುವುದಿಲ್ಲ. ಅದರ ಒಲೆಗೆ ಇಂಥದ್ದೇ ಬೇಕು ಅಂತಿಲ್ಲ. ಹತ್ತಿಕಡ್ಡಿ, ತೊಗರಿಕಡ್ಡಿ, ತೆಂಗಿನ ಗರಿ, ಹೊಗೆಸೊಪ್ಪಿನ ದಂಟು, ಮುರಿದ ನೊಗ, ಏನು ತುರುಕಿದರೂ ಉರಿಯುತ್ತದೆ. ಸಂಜೆ ಹಾಕಿದ ಉರಿಗೆ ಬೆಳಗಿನವರೆಗೂ ನೀರು ಬೆಚ್ಚಗಿರುತ್ತದೆ. ಕೆಂಡದೊಳಗೆ ಹುದುಗಿಸಿಟ್ಟ ಗೆಣಸನ್ನು ಮಕ್ಕಳು ಕಡ್ಡಿಯಲ್ಲಿ ಎಳೆದು, ಊದಿ ಊದಿ ಬೂದಿ ಸಮೇತ ತಿನ್ನುವುದು ಈ ಒಲೆಯ ಉಪಉತ್ಪನ್ನ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹೂವು ಸುತ್ತಿದಾಗ ಹಂಡೆಗೆ ಬರುವ ಕಳೆ ಮನೆಯ ಯಜಮಾನನಿಗೂ ಬರುವುದಿಲ್ಲ. ಅದರ ದೋಷ ಒಂದೇ, ಹೊಟ್ಟೆಬಾಕತನ. ಶಾಖದ ಬಹುಪಾಲನ್ನು ಗೋಡೆಗೂ ಹೊಗೆಗೂ ಕೊಟ್ಟು ಉಳಿದದ್ದನ್ನು ನೀರಿಗೆ ಕೊಡುತ್ತದೆ.

ಬಾಯ್ಲರ್ ಮಾತ್ರ ವರ್ಗಾವಣೆಯ ಜನದ ಸಾಮಾನು. ಮೇಷ್ಟ್ರು, ಶಿರಸ್ತೇದಾರರು, ಫಾರೆಸ್ಟ್ ಇಲಾಖೆಯವರು ಪಿರಿಯಾಪಟ್ಟಣದಿಂದ ಹೆಗ್ಗಡದೇವನಕೋಟೆಗೆ, ಕೋಟೆಯಿಂದ ಹುಣಸೂರಿಗೆ ಹೋಗುವಾಗ ಲಾರಿಯ ಮೇಲೆ ಮಂಚದ ಪಕ್ಕ ನಿಂತು ಪ್ರಯಾಣ ಮಾಡುತ್ತಿದ್ದದ್ದು ಅದೇ. ಅದರ ಹೊಟ್ಟೆಯ ನಡುವೆ ಮೇಲಿಂದ ಕೆಳತನಕ ಒಂದು ಕೊಳವೆ. ಕೊಳವೆಯೇ ಒಲೆ, ಕೊಳವೆಯೇ ಹೊಗೆದಾರಿ. ಬುಡದಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ಬೀಳುವ, ಗಾಳಿ ನುಗ್ಗುವ ಕಿಂಡಿ. ಬೆಂಕಿಯ ಸುತ್ತಲೂ ನೀರೇ ಇರುವುದರಿಂದ ಶಾಖಕ್ಕೆ ತಪ್ಪಿಸಿಕೊಳ್ಳಲು ಮೇಲುಗಡೆ ಬಿಟ್ಟು ಬೇರೆ ದಾರಿಯಿಲ್ಲ. ರಷ್ಯದವರ, ಕಾಶ್ಮೀರದವರ ಸಮೋವಾರ್ ಕೂಡ ಇದೇ ವಂಶ. ಅವರು ಅದರಲ್ಲಿ ಚಹಾ ಕುಡಿದರು, ನಾವು ತಲೆಗೆ ಹುಯ್ದುಕೊಂಡೆವು. ಕೆಲವು ಬಾಯ್ಲರುಗಳಿಗೆ ನಲ್ಲಿಯ ಬದಲು ಒಂದು ಲಾಳಿಕೆ, ಒಂದು ಮೂತಿ ಇರುತ್ತವೆ. ಲಾಳಿಕೆಗೆ ಒಂದು ಚೊಂಬು ತಣ್ಣೀರು ಹುಯ್ದರೆ ಅದು ತಳಕ್ಕೆ ಇಳಿದು, ಮೇಲೆ ನಿಂತಿದ್ದ ಬಿಸಿನೀರನ್ನು ಒಂದು ಚೊಂಬಿನಷ್ಟೇ ಮೂತಿಯಿಂದ ಹೊರಗೆ ತಳ್ಳುತ್ತದೆ. ಕೊಟ್ಟಷ್ಟೇ ಕೊಡುವ ಇಂಥ ಪ್ರಾಮಾಣಿಕ ಯಂತ್ರ ನಮ್ಮ ತಾಲ್ಲೂಕಿನಲ್ಲಿ ಬೇರೆ ಇದ್ದಂತಿಲ್ಲ.

ಲೆಕ್ಕ ಹಾಕುವವರಿಗೆ ಒಂದು ಲೆಕ್ಕ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು 1,600 ಕಿಲೋಕ್ಯಾಲರಿ ಬೇಕು. ಒಣಗಿದ ಸೌದೆಯಲ್ಲಿ ಕೆಜಿಗೆ ಸುಮಾರು 3,500 ಇರುತ್ತದೆ. ಅಂದರೆ ಅರ್ಧ ಕೆಜಿ ಸೌದೆ ಸಾಕಾಗಬೇಕು. ಸಾಕಾಗುವುದಿಲ್ಲ ಅಂತ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ನಾಲ್ಕರಲ್ಲಿ ಮೂರು ಪಾಲು ಹೊಗೆಯ ಜೊತೆ ಹಾರಿಹೋಯಿತು ಎಂದಿಟ್ಟುಕೊಂಡರೆ ಎರಡು ಕೆಜಿಯ ಹತ್ತಿರ ಬರುತ್ತದೆ. ಇದ್ದಿಲಿನಲ್ಲಿ ಕೆಜಿಗೆ 7,000ದಷ್ಟಿದೆ, ಹೊಗೆ ಕಡಿಮೆ, ಬಾಯ್ಲರಿನ ಕೊಳವೆಗೆ ಹೇಳಿಮಾಡಿಸಿದ್ದು. ಆದರೆ ಇದ್ದಿಲು ಆಗುವಷ್ಟರಲ್ಲಿ ಸೌದೆಯ ತೂಕ ನಾಲ್ಕನೇ ಒಂದಕ್ಕೋ ಐದನೇ ಒಂದಕ್ಕೋ ಇಳಿದಿರುತ್ತದೆ. ಪುಕ್ಕಟೆ ಸಿಗುವ ತೆಂಗಿನ ಕರಟವೇ ನನ್ನ ಆಯ್ಕೆ.

ಕಲ್ಲಿದ್ದಲು? ಅದು ನಮ್ಮದಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದೂ ಕಾಡಿನ ಮರ ಸುಟ್ಟ ಇದ್ದಿಲಿನಿಂದಲೇ. ಮೈಸೂರು–ಅರಸೀಕೆರೆ ಹಳಿ ಹಾದುಹೋಗುವ ಕೃಷ್ಣರಾಜನಗರದವರು ಉಗಿಬಂಡಿಯ ಕಾಲದಲ್ಲಿ ಕಲ್ಲಿದ್ದಲಿನ ಮುಖವನ್ನಾದರೂ ನೋಡಿದ್ದರು. ಕೋಟೆ, ಹುಣಸೂರು, ಪಿರಿಯಾಪಟ್ಟಣಕ್ಕೆ ರೈಲೇ ಇಲ್ಲ, ಕಲ್ಲಿದ್ದಲು ಎಲ್ಲಿಂದ ಬರಬೇಕು? ಬಂದರೂ ಬಚ್ಚಲ ಬಾಯ್ಲರಿಗೆ ಅದು ಹಿಡಿಸದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಮೇಲೆ ಬೂದಿಯೇ ಇರುವುದುಂಟು. ಜಾಲರಿ ಕಟ್ಟಿಕೊಂಡು ಕೂತರೆ ಕೆದಕುವವರು ಯಾರು?

ಬೆಂಕಿ, ಕೊಳವೆ, ಶಾಖ ಈ ಮೂರರ ವಿಷಯದಲ್ಲಿ ಹುಣಸೂರು ಕಡೆಯ ರೈತರಿಗೆ ಪಾಠ ಹೇಳಲು ಹೋಗಬಾರದು. ತಂಬಾಕು ಬ್ಯಾರನ್ ಅಂದರೇನು? ಎಲೆ ಹದ ಮಾಡುವ ಮನೆ. ಒಲೆಯ ಹೊಗೆ ಕಬ್ಬಿಣದ ಕೊಳವೆಯೊಳಗೇ ಸುತ್ತಿ ಹೊರಗೆ ಹೋಗಬೇಕು, ಶಾಖ ಮಾತ್ರ ಎಲೆಗೆ ತಾಗಬೇಕು. ಮೊದಲು ಎಲೆ ಹಳದಿಗೆ ತಿರುಗುವ ತನಕ ಮೆಲ್ಲಗಿನ ಉರಿ, ಕೊನೆಗೆ ನಡುದಂಟು ಒಣಗಲು 70 ಡಿಗ್ರಿಯವರೆಗೆ. ಇದು ಐದಾರು ದಿನದ ಕೆಲಸ, ರಾತ್ರಿ ನಿದ್ದೆಯಿಲ್ಲ. ಒಂದು ಕೆಜಿ ಹೊಗೆಸೊಪ್ಪು ಹದವಾಗಲು ನಾಲ್ಕೈದು ಕೆಜಿ ಸೌದೆ ತಿನ್ನುತ್ತದೆ. ಹಂಡೆಗಿಂತ ದೊಡ್ಡ ಹೊಟ್ಟೆಬಾಕ ಇದ್ದರೆ ಅದು ಬ್ಯಾರನ್ನೇ. ಚಿಲ್ಕುಂದದಲ್ಲೋ ಕಟ್ಟೆಮಳಲವಾಡಿಯಲ್ಲೋ ಹರಾಜಿಗೆ ನಿಂತ ರೈತ ಹೊಗೆಸೊಪ್ಪಿನ ಬೇಲಿನ ಬಣ್ಣ ನೋಡಿಯೇ ಯಾವ ರಾತ್ರಿ ಉರಿ ಜಾಸ್ತಿಯಾಯಿತು ಅಂತ ಹೇಳಬಲ್ಲ. ಹಳೇ ಬಾಯ್ಲರ್ ನೋಡಲು ಹೋಗುವಾಗ ಅಂಥವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಮೇಲು. ನಾನು ಭಾವನವರನ್ನು ಕರೆದೊಯ್ದಿದ್ದೆ.

ಗುಜರಿ ಅಂಗಡಿಯಲ್ಲಿ ಬಾಯ್ಲರಿಗೆ ಎರಡು ಬೆಲೆ. ತೂಕಕ್ಕೆ ಹಾಕಿದರೆ ತಾಮ್ರದ ಬೆಲೆ, ಹುಣಸೆಹಣ್ಣು ತಿಕ್ಕಿ ಹೊಳಪು ಬರಿಸಿ ಬಾಗಿಲಲ್ಲಿ ನಿಲ್ಲಿಸಿದರೆ ಶೋಕಿಯ ಬೆಲೆ. ಎರಡನೆಯದು ಹಿನ್ನೀರಿನ ಕಡೆ ರೆಸಾರ್ಟುಗಳು ಬಂದ ಮೇಲೆ ಹುಟ್ಟಿಕೊಂಡದ್ದು.

“ಹಳೇ ಕಾಲದ ತಾಮ್ರ ಕಣಣ್ಣ, ಕೈಯಲ್ಲಿ ಬಡಿದಿರೋದು. ಈಗ ಇಂಥದ್ದು ಎಲ್ಲಿ ಸಿಕ್ತದೆ?” ಅಂದರು ಅಂಗಡಿಯವರು.

“ನೀರು ನಿಲ್ತದಾ ಸಾಬ್ರೇ?” ಅಂದರು ಭಾವ.

“ಅಯ್ಯೋ, ನೀರು ಯಾಕೆ ಹಾಕ್ತೀರಾ? ಈಗ ಎಲ್ರೂ ಹಾಲಲ್ಲಿ ಇಟ್ಕೊಂಡು ಗಿಡ ನೆಡ್ತಾರೆ.”

ನೀರು ಕಾಯಿಸುವ ಬಾಯ್ಲರ್ ಅಂತ ಅದಕ್ಕೊಂದು ಮೂರನೇ ಬೆಲೆ ಇರಬೇಕಲ್ಲ, ಅದನ್ನು ಹೇಳುವವರೇ ಯಾರೂ ಇಲ್ಲ. ಭಾವ ಹೊಳಪಿನ ಕಡೆ ಕಣ್ಣೂ ಹಾಯಿಸಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಕೊಳವೆಯೊಳಗೆ ಇಣುಕಿದರು. ಬೆಂಕಿ ತಿನ್ನುವುದು ಒಳಗೊಳವೆಯನ್ನು, ಹೊರಮೈ ಎಷ್ಟು ಹೊಳೆದರೂ ಅಷ್ಟೆ. ಬೆರಳ ಗೆಣ್ಣಿನಿಂದ ಸುತ್ತ ತಟ್ಟುತ್ತ ಬಂದರು. ಗಟ್ಟಿಯಿರುವ ಕಡೆ ದನಿ ತುಂಬಿ ಬರುತ್ತದೆ, ತಗಡು ಸವೆದ ಕಡೆ ಒಡಕಲಾಗುತ್ತದೆ. ಆಮೇಲೆ ಬುಡ ಮೇಲು ಮಾಡಿಸಿದರು. ಅಲ್ಲಿ ಹಸಿರು ಕಿಲುಬಿನ ಗೆರೆಯೊಂದು ಬೆಸುಗೆಯ ಉದ್ದಕ್ಕೂ ಹರಿದಿತ್ತು, ಅದರ ಮೇಲೆ ನಾಲ್ಕಾಣೆ ಅಗಲದ ಬೂದುಬಣ್ಣದ ಎಂ-ಸೀಲ್ ತೇಪೆ. ಸೀಸ–ತವರದ ಬೆಸುಗೆ 200 ಡಿಗ್ರಿಗೂ ಮೊದಲೇ ಕರಗತೊಡಗುತ್ತದೆ, ತಾಮ್ರ ಕರಗಲು 1,085 ಡಿಗ್ರಿ ಬೇಕು. ನೀರಿರುವ ತನಕ ಬೆಸುಗೆಗೆ ಭಯವಿಲ್ಲ. ಯಾವನೋ ಪುಣ್ಯಾತ್ಮ ನೀರಿಲ್ಲದೆ ಉರಿ ಹಾಕಿದ್ದಾನೆ ಅಂತ ಆ ತೇಪೆಯೇ ಹೇಳುತ್ತಿತ್ತು.

ಇನ್ನೊಂದು ಶತ್ರು ಬೋರ್‌ವೆಲ್ ನೀರು. ಗಡಸು ನೀರು ಕಾದು ಕಾದು ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಶಾಖ ಅದನ್ನು ದಾಟುವಷ್ಟರಲ್ಲಿ ಸೌದೆ ಮುಗಿದಿರುತ್ತದೆ. ಕೈ ಹೋಗದ ಜಾಗ, ಉಜ್ಜುವಂತಿಲ್ಲ. ಹುಣಸೆಹಣ್ಣಿನ ನೀರು ತುಂಬಿ ರಾತ್ರಿಯೆಲ್ಲ ಬಿಟ್ಟು ಕುಲುಕಿ ಚೆಲ್ಲಬೇಕು. ಬಾಯ್ಲರನ್ನು ಅಲ್ಲಾಡಿಸಿದಾಗ ಒಳಗೆ ಗರಗರ ಅಂದರೆ ಚೌಕಾಶಿಗೆ ಒಳ್ಳೇ ಆಧಾರ ಸಿಕ್ಕಿತು ಅಂತ ತಿಳಿಯಿರಿ. ಸ್ಟೀಲಿನ ಬಾಯ್ಲರ್ ಹೊಸದೇ ಸಿಗುತ್ತದಲ್ಲ ಅನ್ನುವವರುಂಟು. ಸಿಗುತ್ತದೆ, ತೂತೂ ಬೇಗ ಬೀಳದು. ಶಾಖ ಸಾಗಿಸುವುದರಲ್ಲಿ ತಾಮ್ರ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮುಂದಿದ್ದರೂ ತೆಳುವಾದ ತಗಡಿನಲ್ಲಿ ಸ್ನಾನದ ಹೊತ್ತಿಗೆ ಆ ವ್ಯತ್ಯಾಸ ಅಷ್ಟೇನೂ ತಿಳಿಯುವುದಿಲ್ಲ. ತಾಮ್ರದ ಪಕ್ಷಪಾತಿಯಾದ ನಾನೂ ಇದನ್ನು ಒಪ್ಪಲೇಬೇಕು.

ಕಾನೂನಿನ ಭಯ ಬೇಡ. ಬಾಯ್ಲರ್ ಇನ್‌ಸ್ಪೆಕ್ಟರು ಕೆ.ಆರ್. ನಗರದ ಅಕ್ಕಿ ಗಿರಣಿಗೆ ಬಂದಾರು, ನಿಮ್ಮ ಬಚ್ಚಲಿಗೆ ಬರುವುದಿಲ್ಲ. 1923ರ ಬಾಯ್ಲರ್ ಕಾಯಿದೆ ನೋಡುತ್ತಿದ್ದದ್ದು ಒತ್ತಡದಲ್ಲಿ ಉಗಿ ಹುಟ್ಟಿಸುವ ಮುಚ್ಚಿದ ಪಾತ್ರೆಗಳನ್ನು. ಬಾಯಿ ತೆರೆದಿರುವ ನಮ್ಮ ಬಾಯ್ಲರಿನಲ್ಲಿ ಒತ್ತಡವೆಲ್ಲ ಮುಂದಿನ ಸ್ನಾನಕ್ಕೆ ಕಾದು ನಿಂತವರದ್ದು. ಆ ಬಾಯಿಗೆ ಬಟ್ಟೆ ತುರುಕುವುದು ಮಾತ್ರ ಬೇಡ.

ಭಯ ಪಡಬೇಕಾದದ್ದು ಗಾಳಿಗೆ. ಇದ್ದಿಲಿಗೆ ಹೊಗೆ ಕಡಿಮೆ, ಅದಕ್ಕೇ ಅದು ಮೋಸಗಾರ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಕೆಂಡ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಕಾಲು ಏಳುವುದಿಲ್ಲ. ಹಿಂದಿನವರು ಹೆಂಚಿನ ಸಂದಿಯ ಬಚ್ಚಲಿನಲ್ಲಿ ಬದುಕಿಕೊಂಡರು. ಆರ್‌ಸಿಸಿ ಮನೆಯ ಟೈಲ್ಸ್ ಬಚ್ಚಲಿಗೆ ಬಾಯ್ಲರ್ ಒಯ್ಯಲೇಬಾರದು. ಹಿತ್ತಲಲ್ಲಿ ಸೂರಿನಡಿ ಇಟ್ಟು ಬಕೆಟ್ಟಿನಲ್ಲಿ ನೀರು ಹೊತ್ತುಕೊಂಡು ಬನ್ನಿ.

ಇಷ್ಟು ತಾಪತ್ರಯ ಯಾಕೆ, ಗೀಸರ್ ಇಲ್ಲವೇ ಅಂತ ಮಗಳು ಕೇಳುತ್ತಾಳೆ. ಇದೆ. ಆ 40 ಲೀಟರಿಗೆ ಎರಡು ಯೂನಿಟ್ಟಿನ ಆಸುಪಾಸು ಕರೆಂಟು. 2023ರಲ್ಲಿ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಹಂಡೆ ಒಲೆ ತಣ್ಣಗಾಯಿತು. ಸೋಲಾರೂ ಇದೆ, ಆಷಾಢದ ಮೋಡ ಕವಿದಾಗ ಅದು ಕೈ ಎತ್ತುತ್ತದೆ. ಮಳೆಗೆ ಕರೆಂಟೂ ಅದರ ಹಿಂದೆಯೇ ಹೋಗುತ್ತದೆ. ನಮಗೆ ಬಾಯ್ಲರ್ ಬೇಕಾಗುವುದು ಆ ದಿನಗಳಿಗೆ, ಮತ್ತು ನರಕಚತುರ್ದಶಿಯ ಎಣ್ಣೆಸ್ನಾನಕ್ಕೆ. ಮೈಗೆ ಹಚ್ಚಿದ ಎಣ್ಣೆ ಹೋಗುವಷ್ಟು ನೀರನ್ನು ಗೀಸರ್ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ತೇಪೆಯ ಬಾಯ್ಲರನ್ನು ಅಲ್ಲೇ ಬಿಟ್ಟು, ಅದರ ಹಿಂದೆ ಕರ್ರಗೆ ನಿಂತಿದ್ದ, ಯಾರೂ ತಿಕ್ಕದ ಇನ್ನೊಂದನ್ನು ಭಾವ ಆರಿಸಿದರು. ತೂಕದ ಬೆಲೆಗೇ ಬಂತು, ಹಿತ್ತಾಳೆ ನಲ್ಲಿಗೆ ಮಾತ್ರ ಬೇರೆ ದುಡ್ಡು. ಕೊಳ್ಳುವವರು ಇಷ್ಟು ಮಾಡಿ: ಕಂಠಮಟ್ಟ ನೀರು ತುಂಬಿಸಿ, ಅಡಿಯಲ್ಲಿ ಹಳೇ ಪೇಪರ್ ಹಾಸಿ, ಒಂದು ರಾತ್ರಿ ಅಂಗಡಿಯಲ್ಲೇ ಬಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ದುಡ್ಡು ಕೊಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಗಿಡ ನೆಡಲು ಬೇಕಾದರೆ ಕೊಳ್ಳಿ, ಸ್ನಾನಕ್ಕೆ ಬೇಡ.