ತೊಗರಿ ಆರಲಿ, ಆಮೇಲೆ ಎಣ್ಣಿ

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಆಸುಪಾಸಿಗೆ ಸುತ್ತಲಿನ ಊರುಗಳ ಮಾಳಿಗೆಗಳ ಮೇಲೆ ಹೊಸ ತೊಗರಿ ಬಂದು ಬೀಳುತ್ತದೆ. ವರ್ಷದ ಬ್ಯಾಳಿಗೆಂದು ತೆಗೆದಿಟ್ಟ ಕಾಳು. ಬಿಸಿಲಿಗೆ ಕಾದ ರಾಶಿಯಲ್ಲಿ ಮೊಣಕೈವರೆಗೆ ಕೈಯಾಡಿಸುವ ಸುಖ ಉಂಡವರಿಗೇ ಗೊತ್ತು.

ಒಣಗಿದ್ದು ಸಾಕೋ ಇಲ್ಲವೋ ಹೇಳುವುದು ಹಲ್ಲು. "ಕಡದ ನೋಡವ್ವ, ಕಟ್ ಅಂದ್ರ ಒಣಗ್ಯದ. ಮೆತ್ತಗಿದ್ರ ಇನ್ನೆರಡು ಬಿಸಿಲು ಬೇಕು" ಎಂದು ಅತ್ತೆ ಸೊಸೆಯ ಕೈಗೆ ನಾಲ್ಕು ಕಾಳು ಹಾಕುತ್ತಾಳೆ.

ಬಹಳ ಮಂದಿ ತಪ್ಪುವುದು ಇದರ ಮುಂದೆ. ಸಂಜೆ ಬಿಸಿ ಇದ್ದಂತೆಯೇ ಡಬ್ಬಿಗೆ ಸುರಿದು ಮುಚ್ಚಳ ಬಿಗಿಯುತ್ತಾರೆ. ಕಾಳು ಒಳಗೆ ಬೆವರುತ್ತದೆ, ಆ ಪಸೆಗೇ ಬೂಸು ಹಿಡಿಯುತ್ತದೆ. ರಾತ್ರಿಯಿಡೀ ನೆರಳಲ್ಲಿ ಹರಡಿ ಆರಿಸಬೇಕು. ಬೆಳಿಗ್ಗೆ ಕಿಲೋಗೆ ಒಂದು ಸಣ್ಣ ಚಮಚದಷ್ಟು ಔಡಲ ಎಣ್ಣಿ ಹಾಕಿ, ಕಾಳು ಮಿರುಗುವವರೆಗೆ ಎರಡೂ ಅಂಗೈಯಲ್ಲಿ ತಿಕ್ಕಬೇಕು. ಹುಳ ಮೊಟ್ಟೆ ಅಂಟಿಸುವುದು ಕಾಳಿನ ಸಿಪ್ಪೆಯ ಮೇಲೆ. ನೋಡಿದರೆ ಸಣ್ಣ ಬಿಳಿ ಚುಕ್ಕಿ. ಮರಿ ಅಲ್ಲಿಂದಲೇ ಒಳಗೆ ಕೊರೆಯುತ್ತದೆ. ಎಣ್ಣೆಯ ಪೊರೆ ಆ ಮೊಟ್ಟೆಯ ಉಸಿರು ಕಟ್ಟುತ್ತದೆ. ಎಣ್ಣೆ ತಾಗದೆ ಉಳಿದ ಕಾಳೇ ಹುಳಕ್ಕೆ ಬಾಗಿಲು.

ಬೇವಿನ ತಪ್ಪಲ ಹಾಕುವವರೊಂದಿಗೆ ತಕರಾರಿಲ್ಲ. ಗಿಡದಿಂದ ಹರಿದ ಹಸಿ ತಪ್ಪಲವನ್ನೇ ತುರುಕುವವರೊಂದಿಗೆ ಇದೆ. ಎರಡು ದಿನ ಬಿಸಿಲಲ್ಲಿ ಬೆಂದು ಒಣಗಿಸಿದ ಕಾಳಿಗೆ ಮತ್ತೆ ನೀರು ಕೊಟ್ಟಂತಲ್ಲವೇ ಅದು? ನೆರಳಲ್ಲಿ ಗರಿಗರಿ ಒಣಗಿದ ತಪ್ಪಲವೇ ಆಗಬೇಕು.

ಎಷ್ಟು ಕೂಡಿಡಬೇಕು ಎಂಬ ಮಾತಿಗೆ ಬಸವಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. 12ನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಗಂಡ ಮಾರಯ್ಯ ಬಸವಣ್ಣನ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಮ್ಮೆ ದಿನದ ಅಳತೆಗಿಂತ ಹೆಚ್ಚು ತಂದಾಗ, ಅಲ್ಲಿಯೇ ಸುರಿದು ಬಾ ಎಂದು ಆಕೆ ಕಳಿಸಿದಳೆಂಬುದು ಕಥೆ. ದಿನದ್ದಲ್ಲದಿದ್ದರೂ ವರ್ಷದ್ದು ಸಾಕು. ಮೂರು ವರ್ಷದ ಕಾಳು ಕೂಡಿಟ್ಟ ಮನೆಯಲ್ಲೇ ಹುಳ ಹೆಚ್ಚು.

ಆ ಹುಳಕ್ಕೆ ಹೆದರಿ ಈಗ ಕೆಲವರು ಮಲಗುವ ಕೋಣೆಯಲ್ಲಿಟ್ಟ ಚೀಲಗಳೊಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಸಿಟ್ಟು ಬರುವುದು ಇಲ್ಲಿ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತಿಮದ್ದೇ ಇಲ್ಲ. ಗೋದಾಮಿನ ಆ ಮದ್ದನ್ನು ಮಕ್ಕಳು ಮಲಗುವ ಮನೆಗೆ ತರುವುದೆಂದರೇನು? ಒಂದು ಚಮಚ ಎಣ್ಣಿ, ಒಂದು ಬೆಳಗಿನ ಕೈಕೆಲಸ, ಅಷ್ಟೂ ಹೊತ್ತಿಲ್ಲವೇ?

ಜುಲೈ ಮಳೆಯಲ್ಲಿ ಡಬ್ಬಿ ಬಿಚ್ಚಿ, ಒಂದು ಬೊಗಸೆ ಮೊರಕ್ಕೆ ಹಾಕಿ ಕೇರಿದರೆ ಹಿಟ್ಟು ಹಾರಬಾರದು. ಕಾಳಿನ ಮೇಲೆ ಔಡಲದ ತಿಳಿ ಹೊಳಪು ಇನ್ನೂ ಇರಬೇಕು.