ಕುಳಗಿಯಲ್ಲಿ ಎರಡು ರಾತ್ರಿ

ಪರೀಕ್ಷೆ ಮುಗಿದ ಮರುದಿನವೇ ಮನೆಯಲ್ಲಿ ಮಕ್ಕಳ ಪ್ರಶ್ನೆ ಶುರುವಾಗುತ್ತದೆ: ‘ಈ ಸಲ ಎಲ್ಲಿಗೆ?’ ಅಪ್ಪ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಬರೆಯುತ್ತಾರೆ. ಬಾಡಿಗೆ ವ್ಯಾನು, ವಸತಿಗೃಹ, ಹೋಟೆಲಿನ ಊಟ, ಹೋದಲ್ಲೆಲ್ಲ ಟಿಕೆಟ್ಟು. ಮೊತ್ತ ಕಂಡು ಪೆನ್ನು ಕೆಳಗಿಡುತ್ತಾರೆ. ಕೊನೆಗೆ ಆಗುವುದು ಎರಡರಲ್ಲಿ ಒಂದು. ಒಂದೋ ಅಜ್ಜಿಯ ಮನೆ, ಇಲ್ಲವೇ ಎರಡು ದಿನದಲ್ಲಿ ಏಳು ಸ್ಥಳ ತೋರಿಸುವ ಓಟದ ಪ್ರವಾಸ. ಆ ಓಟದಲ್ಲಿ ಘಟ್ಟದ ತಿರುವುಗಳು ಬಂದಾಗ ಚಿಕ್ಕವನಿಗೆ ವಾಂತಿ, ದೊಡ್ಡವಳಿಗೆ ನಿದ್ದೆ, ಅಮ್ಮನಿಗೆ ಬುತ್ತಿ ಬಟ್ಟೆಗಳ ಚಿಂತೆ. ಊರಿಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ವ್ಯಾನಿನ ಕಿಟಕಿ ಮಾತ್ರ.

ಹಾವೇರಿಯಂಥ ಊರಿನಲ್ಲಿ ತಿಂಗಳ ಸಂಬಳ ನಂಬಿದ ನಾಲ್ವರ ಸಂಸಾರ ಎಂದಿಟ್ಟುಕೊಳ್ಳಿ. ತಂದೆ, ತಾಯಿ, ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಇವರಿಗೆ ಆ ಓಟದ ಪ್ರವಾಸಕ್ಕಿಂತ ಕಡಿಮೆ ಖರ್ಚಿನಲ್ಲಿ ಅದಕ್ಕಿಂತ ತುಂಬಿದ ರಜೆ ಸಾಧ್ಯವೇ? ಖಂಡಿತ ಸಾಧ್ಯ. ಷರತ್ತು ಒಂದೇ. ನೋಡುವ ಸ್ಥಳಗಳು ಕಡಿಮೆಯಾಗಬೇಕು, ತಂಗುವ ರಾತ್ರಿಗಳು ಹೆಚ್ಚಬೇಕು. ಇದಕ್ಕೆ ಹೇಳಿ ಮಾಡಿಸಿದಂಥ ಜಾಗ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಕಾಡಿನ ನಡುವಿನ ಕುಳಗಿ.

ಕಾಡಿನೊಳಗೆ ಒಂದು ಬಿಡಾರ

ದಾಂಡೇಲಿ ಪಟ್ಟಣದಿಂದ ಅಂಬಿಕಾನಗರದ ರಸ್ತೆ ಹಿಡಿದು ಸುಮಾರು ಹನ್ನೆರಡು ಕಿ.ಮೀ. ಹೋದರೆ ಅರಣ್ಯ ಇಲಾಖೆಯ ಕುಳಗಿ ನಿಸರ್ಗ ಶಿಬಿರ ಸಿಗುತ್ತದೆ. ಮರಗಳ ನೆರಳಿನಲ್ಲಿ ಡೇರೆಗಳು, ಒಂದು ಊಟದ ಮನೆ, ಕಾಡಿನ ಪರಿಚಯ ಮಾಡಿಕೊಡುವ ನಿಸರ್ಗ ಮಾಹಿತಿ ಕೇಂದ್ರ. ಈಜುಕೊಳ, ಹಾಡು ಕುಣಿತಗಳ ಗದ್ದಲ ಬಯಸುವವರಿಗೆ ದಾಂಡೇಲಿಯ ಸುತ್ತ ಖಾಸಗಿ ರೆಸಾರ್ಟುಗಳು ಬೇಕಾದಷ್ಟಿವೆ. ಕುಳಗಿ ಅಂಥವರಿಗಲ್ಲ.

ಸುತ್ತಲಿನ ಕಾಡಿಗೂ ಒಂದು ಇತಿಹಾಸವಿದೆ. ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. ಪಕ್ಕದ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ, 184 ಕಿ.ಮೀ. ಹರಿದು ಕಾರವಾರದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತಾಳೆ. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಅದೇ ಜಿಲ್ಲೆಯಲ್ಲಿ ಕಡಲು ಸೇರುವ ನದಿ ಇದು.

ಬಸ್ಸು ಇಳಿಯುತ್ತಲೇ ಮಗ ಕೇಳುವ ಮೊದಲ ಮಾತು ಗೊತ್ತೇ ಇದೆ: ‘ಅಪ್ಪಾ, ಹುಲಿ ಕಾಣ್ತೈತೇನು?’ ಇದಕ್ಕೆ ಮನೆಯಿಂದ ಹೊರಡುವಾಗಲೇ ಪ್ರಾಮಾಣಿಕ ಉತ್ತರ ಕೊಟ್ಟಿರಬೇಕು. ಬಹುಶಃ ಕಾಣುವುದಿಲ್ಲ. ಬಂಡೀಪುರ, ನಾಗರಹೊಳೆಗಳ ಹಾಗೆ ಇಲ್ಲಿ ಮೃಗಗಳು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬಿದಿರು ಮರಗಳು ಒತ್ತೊತ್ತಾಗಿ ಬೆಳೆದ ಏರುತಗ್ಗಿನ ಕಾಡು. ಹುಲಿ ಇದೆ, ಕರಿಚಿರತೆಯೂ ಇದೆ. ಆದರೆ ಅವು ಮನುಷ್ಯರನ್ನು ನೋಡುವುದೇ ಹೆಚ್ಚು. ಹುಲಿಯ ಆಸೆಯನ್ನು ಊರಲ್ಲೇ ಬಿಟ್ಟು ಬಂದ ಮಗುವಿಗೆ ಕುಳಗಿಯಲ್ಲಿ ಉಳಿದದ್ದೆಲ್ಲ ಕಾಣಲು ತೊಡಗುತ್ತದೆ.

ಎರಡು ರಾತ್ರಿ ಏಕೆ?

ಕಾಡು ತನ್ನ ಅಂಗಡಿ ತೆರೆಯುವುದು ದಿನಕ್ಕೆ ಎರಡು ಬಾರಿ. ಬೆಳಗಿನ ಆರರಿಂದ ಒಂಬತ್ತರವರೆಗೆ ಒಮ್ಮೆ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಇನ್ನೊಮ್ಮೆ. ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳು ಹುಡುಕುತ್ತವೆ, ಹಕ್ಕಿಗಳು ಸುಮ್ಮನಾಗುತ್ತವೆ. ಬೆಳಿಗ್ಗೆ ಊರು ಬಿಟ್ಟು ಸಂಜೆ ಮರಳುವ ಪ್ರವಾಸಿಗೆ ಸಿಗುವುದು ನಡುಹಗಲು ಮಾತ್ರ. ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಂತು ಬಂದಂತೆ. ಒಂದು ರಾತ್ರಿ ತಂಗಿದವನಿಗೆ ಒಂದು ಸಂಜೆ, ಒಂದು ಮುಂಜಾವು. ಎರಡು ರಾತ್ರಿ ತಂಗಿದವನಿಗೆ ಎರಡು ಸಂಜೆ, ಎರಡು ಮುಂಜಾವು. ಮೊದಲ ದಿನ ಕಣ್ಣು ಕಿವಿಗಳು ಇನ್ನೂ ಪೇಟೆಯವೇ ಆಗಿರುತ್ತವೆ. ನಿಜವಾಗಿ ನೋಡಲು ಶುರುವಾಗುವುದು ಎರಡನೆಯ ದಿನ.

ಆ ಎರಡನೆಯ ದಿನ ಏನೆಲ್ಲ ಕಂಡೀತು? ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂದಳಿಲು. ಇಡೀ ಮೈ ಸೇರಿ ಇರುವುದಕ್ಕಿಂತ ಉದ್ದದ ಪೊದೆ ಬಾಲ ಅದಕ್ಕೆ. ಮುಸಿಯಗಳು ಮರದ ಮೇಲೆ ತಿಂದು ಬೀಳಿಸಿದ ಚಿಗುರನ್ನು ಕೆಳಗೆ ಆಯುವ ಚುಕ್ಕೆ ಜಿಂಕೆಗಳು. ಮೇಲಿನವಕ್ಕೆ ಕಣ್ಣು ಚುರುಕು, ಕೆಳಗಿನವಕ್ಕೆ ಮೂಗು ಚುರುಕು. ಯಾರಿಗೆ ಮೊದಲು ಅಪಾಯದ ಸುಳಿವು ಸಿಕ್ಕರೂ ಕೂಗು ಇಬ್ಬರಿಗೂ ಎಚ್ಚರಿಕೆ. ಮರದ ತೊಗಟೆಯ ಬಣ್ಣವನ್ನೇ ಹೊತ್ತು ಕೂತಿದ್ದು, ಪಕ್ಕೆಲುಬಿಗೆ ಅಂಟಿದ ಚರ್ಮದ ರೆಕ್ಕೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಅದೃಷ್ಟವಿದ್ದರೆ ಕಣ್ಣಿಗೆ ಬೀಳುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಓದಿದ ವಿದ್ಯಾರ್ಥಿಗೆ ಹಳೆಯ ಗೆಳೆಯನನ್ನು ಕಂಡಷ್ಟು ಖುಷಿ. ಎಳೆಯ ಸಾಗವಾನಿ ಎಲೆ ಉದುರಿ ಬಿದ್ದಿದ್ದರೆ ಅಂಗೈಯಲ್ಲಿ ತಿಕ್ಕಿ ನೋಡಬಹುದು. ಕೈ ಕೆಂಪಾಗುತ್ತದೆ. ಪ್ರಯೋಗಶಾಲೆ ಬೇಡದ ಪ್ರಯೋಗ.

ರಾತ್ರಿಯ ಕಾರ್ಯಕ್ರಮಕ್ಕೂ ಕಾಸು ಬೇಡ. ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಆರಿಸಿಕೊಂಡರೆ ಆಕಾಶವೇ ಪಾಠಶಾಲೆ. ಚಳಿಗಾಲದಲ್ಲಿ ಮಹಾವ್ಯಾಧ, ಬೇಸಿಗೆಯಲ್ಲಿ ಸಪ್ತರ್ಷಿ ಮಂಡಲ. ಬ್ಯಾಟರಿ ಆರಿಸಿ, ಡೇರೆಯ ಮುಂದೆ ಹತ್ತು ನಿಮಿಷ ಮಾತಿಲ್ಲದೆ ಕೂರಬೇಕು, ಅಷ್ಟೆ. ಕತ್ತಲಿಗೆ ಕಣ್ಣು ಒಗ್ಗಲು ಅಷ್ಟು ಹೊತ್ತಾದರೂ ಬೇಕು.

ಮಂಗಟ್ಟೆಯ ಸಂಸಾರ

ದಾಂಡೇಲಿಯ ನಿಜವಾದ ಹೆಮ್ಮೆ ಹುಲಿಯಲ್ಲ, ಮಂಗಟ್ಟೆ. ಪಶ್ಚಿಮ ಘಟ್ಟದ ನಾಲ್ಕು ಬಗೆಯ ಮಂಗಟ್ಟೆಗಳೂ ಇಲ್ಲಿವೆ. ಅವುಗಳ ರಕ್ಷಣೆಗೆಂದೇ 2011ರಲ್ಲಿ ಕಾಳಿ ನದಿಯ ಆಸುಪಾಸಿನ ಕಾಡನ್ನು ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಪಟ್ಟಣದ ಅಂಚಿನ ಮರದ ಡಿಪೋದ ಸುತ್ತಲಿನ ಮರಗಳಲ್ಲೂ ಕಪ್ಪು-ಬಿಳಿ ಮಂಗಟ್ಟೆಗಳು ಕಾಣಸಿಗುತ್ತವೆ. ಎಲ್ಲಕ್ಕಿಂತ ದೊಡ್ಡದು ದಾಸ ಮಂಗಟ್ಟೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು ಒಂದು ಮೀಟರ್. ಹಾರುವಾಗ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಮಕ್ಕಳು ಮೊದಲು ಕಿವಿಯಿಂದ, ಆಮೇಲೆ ಕಣ್ಣಿನಿಂದ ನೋಡುವ ಹಕ್ಕಿ ಇದು.

ಇದರ ಸಂಸಾರ ವಿಚಿತ್ರ. ವರ್ಷದ ಮೊದಲ ತಿಂಗಳುಗಳಲ್ಲಿ ಹೆಣ್ಣು ಹಳೆಯ ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲನ್ನು ತಾನೇ ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗೆ ಅದರ ಹಾರುವ ಗರಿಗಳೂ ಉದುರುತ್ತವೆ. ಮೂರು ತಿಂಗಳಿಗೂ ಹೆಚ್ಚು ಕಾಲ ಗಂಡು ಹಕ್ಕಿ ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸೀಳಿಗೆ ಕೊಡುತ್ತದೆ. ಹೊರಗೆ ಗಂಡಿಗೆ ಏನಾದರೂ ಆದರೆ ಒಳಗಿನ ಮರಿಗಳಿಗೂ ಕುತ್ತು. ಗೂಡಿನ ಮರದ ಕೆಳಗೆ ಜನ ಗುಂಪುಗೂಡಿ ಕೂಗಾಡಿದರೆ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗಿನವಕ್ಕೆ ಆ ಹೊತ್ತಿನ ಊಟ ತಪ್ಪುತ್ತದೆ. ‘ಕಾಡಿನಲ್ಲಿ ಗದ್ದಲ ಮಾಡಬೇಡಿ’ ಎಂಬ ಫಲಕದ ಅರ್ಥ ಇದು. ಕಾರಣ ತಿಳಿದ ಮಗುವಿಗೆ ‘ಸುಮ್ಮನಿರು’ ಎಂದು ಎರಡನೆಯ ಸಲ ಹೇಳಬೇಕಾಗಿಲ್ಲ.

ಇನ್ನೊಂದು ಪಾಠವೂ ಇದೆ. ಇಷ್ಟು ದೊಡ್ಡ ಹಕ್ಕಿಗೆ ಬೇಕಾದ ಪೊಟರೆ ಹತ್ತಿಪ್ಪತ್ತು ವರ್ಷದ ಮರದಲ್ಲಿ ಆಗುವುದಿಲ್ಲ. ಒಂದು ಮುದಿ ಮರ ಕಡಿದು ಅದರ ಜಾಗದಲ್ಲಿ ನೂರು ಸಸಿ ನೆಟ್ಟರೂ ಈ ಸಂಸಾರಕ್ಕೆ ಮನೆ ಸಿಕ್ಕಂತಲ್ಲ.

ಬಿದಿರ ಮುಳ್ಳು ಹೇಳಿದ ಸತ್ಯ

ಕುಳಗಿಯ ಸುತ್ತಲಿನ ಬಿದಿರ ಮೆಳೆಗಳ ಬಳಿಯೂ ಒಂದು ಕ್ಷಣ ನಿಲ್ಲಬೇಕು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಜಿಲ್ಲೆಯ ಬಿದಿರು ಬಹಳ ಬೇಗ ಕಡಿಮೆಯಾಯಿತು. ದನ ಮೇಯಿಸುವ ಹಳ್ಳಿಗರೇ ಕಾರಣ ಎಂಬ ದೂರಿತ್ತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿನಲ್ಲಿ ನಿಂತು ಅಧ್ಯಯನ ಮಾಡಿದರು. ಕಂಡದ್ದು ಬೇರೆ. ಮೆಳೆ ಸೊಂಪಾಗಿ ಬೆಳೆಯಲೆಂದು ಬುಡದ ಮುಳ್ಳನ್ನು ಸವರಿ ‘ಶುಚಿ’ ಮಾಡಲಾಗುತ್ತಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಮುಳ್ಳುಹಂದಿ, ಮುಸಿಯ, ದನಗಳಿಗೆ ಕಳಲೆ ಸುಲಭದ ತುತ್ತಾಯಿತು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಾಡಿನಲ್ಲಿ ಕಂಡದ್ದು ಮುಖ್ಯವಾದ ಸಂದರ್ಭ ಇದು. ವಿಜ್ಞಾನದ ವಿದ್ಯಾರ್ಥಿ ಬಿದಿರಿನ ಮುಳ್ಳನ್ನು ಒಮ್ಮೆ ಮುಟ್ಟಿ ನೋಡಿ ಬಂದರೆ ಈ ಪಾಠ ಮರೆಯುವುದಿಲ್ಲ.

ಸಮಯವಿದ್ದರೆ ಗಣೇಶಗುಡಿಯ ಸೂಪಾ ಅಣೆಕಟ್ಟಿನ ಕಡೆಗೆ ಒಂದು ಅರ್ಧ ದಿನ. ಎತ್ತರ 101 ಮೀಟರ್. ಇದರ ಹಿನ್ನೀರಿನಲ್ಲಿ ಮುಳುಗಿದ್ದು ಸೂಪಾ ಎಂಬ ಊರು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಕಾಳಿಯ ನೀರಿನಿಂದ ಆಗುವ ವಿದ್ಯುತ್ತು ನಾಡಿನ ಎಷ್ಟೋ ಮನೆಗಳ ದೀಪ ಉರಿಸುತ್ತದೆ. ಆ ಬೆಳಕಿಗೆ ಒಂದು ಊರು ಬೆಲೆ ತೆತ್ತಿದೆ ಎಂಬುದನ್ನು ಮಕ್ಕಳು ತಿಳಿಯಬೇಕಾದದ್ದೇ.

ಖರ್ಚಿನ ಲೆಕ್ಕ

ಪ್ರವಾಸದ ಖರ್ಚಿನಲ್ಲಿ ಎರಡು ಜಾತಿ. ಒಂದು, ಒಂದು ದಿನ ಹೋದರೂ ಮೂರು ದಿನ ಹೋದರೂ ತಪ್ಪದ ಪ್ರಯಾಣದ ಖರ್ಚು. ಇನ್ನೊಂದು, ದಿನಗಳೊಂದಿಗೆ ಬೆಳೆಯುವ ಊಟ ವಸತಿಯ ಖರ್ಚು. ಮೊದಲನೆಯದನ್ನು ಬಸ್ಸು ಇಳಿಸುತ್ತದೆ, ಎರಡನೆಯದನ್ನು ಅರಣ್ಯ ಇಲಾಖೆಯ ಡೇರೆ ಇಳಿಸುತ್ತದೆ.

ಹುಬ್ಬಳ್ಳಿಯಿಂದ ದಾಂಡೇಲಿ ಸುಮಾರು 75 ಕಿ.ಮೀ., ಧಾರವಾಡದಿಂದ ಸುಮಾರು 57 ಕಿ.ಮೀ. ಎರಡೂ ಕಡೆಯಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಮಾತ್ರ ಮರೆಯಬಾರದು. ಹತ್ತು ವರ್ಷದ ಮಗನಿಗೆ ಅರ್ಧ ಟಿಕೆಟ್. ಅಲ್ಲಿಗೆ ನಾಲ್ವರ ಪ್ರಯಾಣಕ್ಕೆ ಆಗುವುದು ಒಂದೂವರೆ ಟಿಕೆಟ್ಟಿನ ಹಣ! ವ್ಯಾನಿನ ಬಾಡಿಗೆಯಲ್ಲಿ ಉಳಿದ ಈ ಹಣವೇ ಎರಡನೆಯ ರಾತ್ರಿಯ ವಸತಿಗೆ ಮೂಲಧನ.

ಖರ್ಚು ಹಿಡಿತ ಮೀರುವುದು ಸಫಾರಿ ಮತ್ತು ನೀರಿನ ಸಾಹಸಗಳಲ್ಲಿ. ದಿನಕ್ಕೊಂದರಂತೆ ಎಲ್ಲಕ್ಕೂ ಚೀಟಿ ಕೊಳ್ಳುವ ಬದಲು ಬೆಳಗಿನ ಒಂದೇ ಸಫಾರಿ ಸಾಕು. ಉಳಿದ ಹೊತ್ತು ಅನುಮತಿ ಇರುವ ದಾರಿಯಲ್ಲಿ ಇಲಾಖೆಯ ಮಾರ್ಗದರ್ಶಿಯೊಡನೆ ನಡಿಗೆ. ಆ ಊರಿನ ಮಾರ್ಗದರ್ಶಿಗೆ ಕೊಟ್ಟ ಹಣ ಎಂದೂ ದಂಡವಲ್ಲ. ಜೀಪಿನಿಂದ ಕಾಣದ ಎಷ್ಟೋ ಸಂಗತಿಗಳನ್ನು ಆತನ ಬೆರಳು ತೋರಿಸುತ್ತದೆ. ಮನೆಯಿಂದ ಚಪಾತಿ, ಶೇಂಗಾ ಚಟ್ನಿ, ಚುರುಮುರಿ ಕಟ್ಟಿಕೊಂಡರೆ ದಾರಿಯ ಖರ್ಚೂ ಉಳಿಯುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಗದ್ದಲ ಕಡಿಮೆ, ಜಾಗ ಸಿಗುವುದೂ ಸುಲಭ. ದರ ವಿಚಾರಿಸಿ ಮುಂಚಿತವಾಗಿ ಕಾಯ್ದಿರಿಸದೆ ಮಾತ್ರ ಹೊರಡಬಾರದು.

ಎಚ್ಚರ ತಪ್ಪಬಾರದ ನಾಲ್ಕು ಮಾತು

ಒಂದು, ಕಾಳಿ ನದಿಯಲ್ಲಿ ಮೊಸಳೆಗಳಿವೆ. 2021ರಲ್ಲಿ ದಾಂಡೇಲಿಯಲ್ಲಿ ನದಿಯಂಚಿನಲ್ಲಿದ್ದ ಬಾಲಕನೊಬ್ಬ ಮೊಸಳೆಗೆ ಬಲಿಯಾದ. ನೀರು ಎಷ್ಟೇ ತಿಳಿಯಾಗಿ ಕಂಡರೂ ಇಲಾಖೆ ಒಪ್ಪದ ಕಡೆ ಮಕ್ಕಳು ಇಳಿಯಬಾರದು.

ಎರಡು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಉತ್ತರ ಕನ್ನಡದ ಕಾಡುಗಳಲ್ಲಿ ಉಣ್ಣೆಹುಳುಗಳಿಂದ ಹರಡುವ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಹೊರಡುವ ಮುನ್ನ ಆ ಭಾಗದಲ್ಲಿ ಕಾಯಿಲೆ ಇದೆಯೇ ಎಂದು ಕೇಳಬೇಕು. ಮೈ ತುಂಬ ಬಟ್ಟೆ, ಕಾಲುಚೀಲ ಬೇಕು. ತರಗೆಲೆಯ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಈ ಚಿಂತೆಯೇ ಬೇಡ ಎನ್ನುವವರಿಗೆ ದಸರೆಯ ರಜೆ ಉತ್ತಮ. ಮಳೆ ಹಿಂದೆ ಸರಿದು ಕಾಡು ಹಸಿರಾಗಿರುತ್ತದೆ. ಇಂಬಳದ ಕಾಟ ಮಾತ್ರ ತುಸು ಸಹಿಸಬೇಕು.

ಮೂರು, ಸುಮಾರು 300 ಅಡಿ ಎತ್ತರದ ಸಿಂಥೇರಿ ಬಂಡೆ ನೋಡಹೋಗುವವರು ಅಲ್ಲಿ ಹೆಜ್ಜೇನು ಗೂಡುಗಳಿವೆ ಎಂಬುದನ್ನು ಮರೆಯಬಾರದು. ಸುಗಂಧ, ಹೊಗೆ, ಕೂಗಾಟ ಮೂರೂ ಕೂಡದು.

ನಾಲ್ಕು, ಕಾಡಿಗೆ ಒಯ್ದ ಪ್ಲಾಸ್ಟಿಕ್ ಚೀಲಗಳೆಲ್ಲ ಎಣಿಕೆಯ ಪ್ರಕಾರ ಮನೆಗೆ ಮರಳಬೇಕು. ಎಣಿಸುವ ಕೆಲಸವನ್ನು ಚಿಕ್ಕವನಿಗೇ ವಹಿಸಬಹುದು. ಅವನಷ್ಟು ಕಟ್ಟುನಿಟ್ಟಿನ ತಪಾಸಣಾಧಿಕಾರಿ ಮನೆಯಲ್ಲಿ ಇನ್ನೊಬ್ಬರಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಂಬಿಕಾನಗರದ ಕಡೆಯಿಂದ ಬರುವ ಬಸ್ಸಿಗೆ ಕೈ ತೋರಿಸುವಾಗ ಸಂಸಾರದ ಚೀಲಗಳು ಬಂದಾಗಿನಷ್ಟೇ ಹಗುರ. ಏಳು ಸ್ಥಳಗಳ ಫೋಟೋ ಇಲ್ಲ, ಹುಲಿಯೂ ಕಂಡಿಲ್ಲ. ಆದರೆ ಶಾಲೆ ತೆರೆದ ದಿನ ‘ರಜೆಯಲ್ಲಿ ಏನು ನೋಡಿದೆ?’ ಎಂದು ಮೇಷ್ಟ್ರು ಕೇಳಿದರೆ ಬಾಗಿಲು ಮೆತ್ತಿಕೊಂಡ ತಾಯಿಹಕ್ಕಿಯ ಕತೆ ಹೇಳಲು ಆ ಹುಡುಗನಿಗೆ ಒಂದು ಪೀರಿಯಡ್ ಸಾಲದು.